ರನ್ ಬಿಡುವವನೇ ವಿಕೆಟ್ ಕೀಳುವವನೂ ಆದಾಗ

ಬೆಂಗಳೂರಿನ ವೇಗಿ ಪ್ರಸಿದ್ಧ್ ಕೃಷ್ಣ ಭಾರತದ ಟೆಸ್ಟ್ ತಂಡದಲ್ಲಿ ಇರಬೇಕೇ, ಬೇಡವೇ? ಈ ಪ್ರಶ್ನೆಯನ್ನು ಎಬ್ಬಿಸಿದ್ದು 2025ರ ಇಂಗ್ಲೆಂಡ್ ಪ್ರವಾಸ. ಬೇಡ ಎನ್ನುವವರಿಗೂ ಬೇಕು ಎನ್ನುವವರಿಗೂ ಆಧಾರ ಒದಗಿಸಿದ್ದೂ ಅದೇ ಪ್ರವಾಸ. ಲೀಡ್ಸ್‌ನ ಮೊದಲ ಟೆಸ್ಟ್‌ನಲ್ಲಿ ಅವರು 20 ಓವರಿಗೆ 128 ರನ್ ಕೊಟ್ಟು 3 ವಿಕೆಟ್ ಪಡೆದರು. ಎರಡನೇ ಇನಿಂಗ್ಸ್‌ನಲ್ಲಿ 15 ಓವರಿಗೆ 92 ರನ್ ಹೋಯಿತು, ಸಿಕ್ಕಿದ್ದು 2 ವಿಕೆಟ್. ಇಂಗ್ಲೆಂಡ್ 371ರ ಗುರಿಯನ್ನು ಐದೇ ವಿಕೆಟ್ ಕಳೆದುಕೊಂಡು ಮುಟ್ಟಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಥಿತಿ ಇನ್ನೂ ಕೆಟ್ಟಿತು. ಮೊದಲ ಇನಿಂಗ್ಸ್‌ನ 13 ಓವರುಗಳಲ್ಲಿ 72 ರನ್ ಸೋರಿ ಹೋದವು, ಒಂದು ವಿಕೆಟ್ಟೂ ಬರಲಿಲ್ಲ. ಶಾರ್ಟ್ ಬಿದ್ದ ಚೆಂಡುಗಳನ್ನು ಜೇಮೀ ಸ್ಮಿತ್ ಹಿಡಿದು ಬಾರಿಸಿದ ಒಂದೇ ಓವರಿನಲ್ಲಿ 23 ರನ್ ಹೋದವು. ಮುಂದಿನ ಎರಡು ಟೆಸ್ಟ್‌ಗಳಿಗೆ ಅವರನ್ನು ಹೊರಗಿಟ್ಟರು. ಕೊನೆಯ ಟೆಸ್ಟ್‌ಗೆ ಓವಲ್ ಮೈದಾನಕ್ಕೆ ಮರಳಿ ಕರೆದಾಗ ಅದೇ ಬೌಲರ್ 62ಕ್ಕೆ 4, 126ಕ್ಕೆ 4, ಒಟ್ಟು ಎಂಟು ವಿಕೆಟ್ ಕಿತ್ತರು. ಆಗಸ್ಟ್ 4ರಂದು ಭಾರತ ಆರೇ ಆರು ರನ್‌ನಿಂದ ಗೆದ್ದು ಸರಣಿಯನ್ನು 2-2ಕ್ಕೆ ತಂದು ನಿಲ್ಲಿಸಿತು.

ನಮ್ಮ ವಿಜಯಪುರ ಜಿಲ್ಲೆಯ ಇಂಡಿಯ ಚಹಾದಂಗಡಿಯಿಂದ ಮುದ್ದೇಬಿಹಾಳದ ಕಾಲೇಜು ಮೈದಾನದವರೆಗೆ ಕ್ರಿಕೆಟ್ ನೋಡುವವರೆಲ್ಲ ಇಂಥ ಬೌಲರ್ ಬಗ್ಗೆ ಎರಡು ಪಕ್ಷವಾಗುತ್ತಾರೆ. ಒಬ್ಬರು ಬರ್ಮಿಂಗ್‌ಹ್ಯಾಮ್ ನೆನಪಿಟ್ಟುಕೊಂಡು ಬೈಯುತ್ತಾರೆ, ಇನ್ನೊಬ್ಬರು ಓವಲ್ ನೆನಪಿಟ್ಟುಕೊಂಡು ಹೊಗಳುತ್ತಾರೆ. ಆದರೆ ಆತ ಒಳ್ಳೆಯ ಬೌಲರೋ ಕೆಟ್ಟ ಬೌಲರೋ ಎಂದು ಕೇಳುತ್ತಾ ಹೋದರೆ ಈ ಜಗಳ ಎಂದೂ ಮುಗಿಯುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ಆತನ ಕೆಟ್ಟ ದಿನವನ್ನು ತಾಳಿಕೊಳ್ಳುವ ಶಕ್ತಿ ತಂಡದ ಉಳಿದ ಬೌಲರುಗಳಿಗೆ ಇದೆಯೇ? ಆತನ ಒಳ್ಳೆಯ ದಿನ ಕೊಡುವುದನ್ನು ಕೊಡಬಲ್ಲ ಇನ್ನೊಬ್ಬ ಹೊರಗೆ ಕಾದು ಕುಳಿತಿದ್ದಾನೆಯೇ? ಈ ಎರಡಕ್ಕೆ ಉತ್ತರ ಹುಡುಕಿದರೆ ಪ್ರಸಿದ್ಧ್ ಅವರನ್ನು ಇಟ್ಟುಕೊಳ್ಳಬೇಕು ಎಂಬ ಕಡೆಗೇ ತಕ್ಕಡಿ ವಾಲುತ್ತದೆ ಎಂದು ನನ್ನ ನಂಬಿಕೆ. ಇಟ್ಟುಕೊಳ್ಳುವುದಕ್ಕೆ ಕೆಲವು ಕರಾರುಗಳಿವೆ, ಅವು ಮುಂದೆ ಬರುತ್ತವೆ.

ಮೊದಲು ಲೆಕ್ಕ ನೋಡೋಣ. ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಪ್ರಸಿದ್ಧ್ 519 ರನ್ ಕೊಟ್ಟು 14 ವಿಕೆಟ್ ಪಡೆದರು. ಸರಾಸರಿ 37. ಅದೇ ಸರಣಿಯಲ್ಲಿ ಮೂರೇ ಟೆಸ್ಟ್ ಆಡಿದ ಜಸ್‌ಪ್ರೀತ್ ಬೂಮ್ರಾ ಅವರದ್ದೂ 14 ವಿಕೆಟ್, ಸರಾಸರಿ 26. ಇಷ್ಟಕ್ಕೇ ನಿಲ್ಲಿಸಿದರೆ ಇಬ್ಬರ ನಡುವಿನ ಅಂತರ ದೊಡ್ಡದು, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಎಷ್ಟು ಎಸೆತಕ್ಕೊಂದು ವಿಕೆಟ್ ಬಂತು ಎಂದು ನೋಡಿದರೆ ಚಿತ್ರ ಬೇರೆ. ಪ್ರಸಿದ್ಧ್ ಸುಮಾರು 105 ಓವರ್ ಮಾಡಿದರು, ಅಂದರೆ ಒಂದು ವಿಕೆಟ್‌ಗೆ 45ರ ಆಸುಪಾಸು ಎಸೆತ. ಬೂಮ್ರಾ ಅವರಿಗೆ ಒಂದು ವಿಕೆಟ್‌ಗೆ ಐವತ್ತು ಎಸೆತಕ್ಕೂ ಹೆಚ್ಚು ಬೇಕಾಯಿತು. ಟೆಸ್ಟ್ ಪಂದ್ಯ ಗೆಲ್ಲಬೇಕಾದರೆ ಎದುರಾಳಿಯ ಇಪ್ಪತ್ತು ವಿಕೆಟ್ ಬೀಳಲೇಬೇಕು. ರನ್ ತಡೆದಷ್ಟಕ್ಕೇ ಗೆಲುವು ಸಿಗದು, ಹೆಚ್ಚೆಂದರೆ ಡ್ರಾ ಸಿಗುತ್ತದೆ. ಏಕದಿನ ಪಂದ್ಯದಲ್ಲಿ ಓವರಿಗೆ ಎಂಟು ರನ್ ಕೊಡುವವನು ತಂಡವನ್ನು ನೇರವಾಗಿ ಮುಳುಗಿಸುತ್ತಾನೆ, ಏಕೆಂದರೆ ಅಲ್ಲಿ ಓವರುಗಳಿಗೆ ಮಿತಿ ಇದೆ. ಐದು ದಿನದ ಆಟದಲ್ಲಿ ರನ್ನಿಗೂ ವಿಕೆಟ್ಟಿಗೂ ಇರುವ ಬೆಲೆಯೇ ಬೇರೆ. ರನ್ ಬಿಟ್ಟರೂ ಬೇಗ ವಿಕೆಟ್ ಕೀಳುವವನಿಗೆ ಅಲ್ಲಿ ಒಂದು ಜಾಗ ಇದ್ದೇ ಇದೆ.

ಈ ಮಾತಿಗೆ ಕರ್ನಾಟಕದ ಚರಿತ್ರೆಯಲ್ಲೇ ದೊಡ್ಡ ಸಾಕ್ಷಿ ಇದೆ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿತ್ತು. ಆ ಕೈಯಿಂದಲೇ ಅವರು ಮಧ್ಯಮ ವೇಗಿಗಳಿಗೆ ಸಮನಾದ ವೇಗದಲ್ಲಿ ಲೆಗ್ ಸ್ಪಿನ್, ಗೂಗ್ಲಿ ಎಸೆಯುತ್ತಿದ್ದರು. 1964ರ ಜನವರಿಯಲ್ಲಿ ಟೆಸ್ಟ್‌ಗೆ ಬಂದವರು 1967-68ರ ಆಸ್ಟ್ರೇಲಿಯಾ ಪ್ರವಾಸದ ನಂತರ ಮೂರು ವರ್ಷಕ್ಕೂ ಹೆಚ್ಚು ಕಾಲ ತಂಡದ ಹೊರಗಿದ್ದರು. 1971ರ ಇಂಗ್ಲೆಂಡ್ ಪ್ರವಾಸಕ್ಕೆ ವಿಜಯ್ ಮರ್ಚಂಟ್ ಅಧ್ಯಕ್ಷತೆಯ ಆಯ್ಕೆ ಸಮಿತಿ ಅವರನ್ನು ಮತ್ತೆ ಕರೆಯಿತು. ಆಗಸ್ಟ್‌ನಲ್ಲಿ, ಇದೇ ಓವಲ್ ಮೈದಾನದಲ್ಲಿ, ಎರಡನೇ ಇನಿಂಗ್ಸ್‌ನಲ್ಲಿ ಅವರು 38 ರನ್‌ಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಉದುರಿತು. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು ಎರಡೂ ಅಂದೇ ಬಂದವು. ಮರುವರ್ಷ ತವರಿನಲ್ಲಿ ಇಂಗ್ಲೆಂಡ್ ಎದುರು ಅವರು ಪಡೆದ 35 ವಿಕೆಟ್, ಒಂದೇ ಸರಣಿಯಲ್ಲಿ ಭಾರತದ ಬೌಲರ್ ಒಬ್ಬರ ಅತಿ ಹೆಚ್ಚಿನ ಗಳಿಕೆ. ಅರ್ಧ ಶತಮಾನ ದಾಟಿದರೂ ಅದನ್ನು ಮೀರಿದವರಿಲ್ಲ.

ಈ ಚಂದ್ರಶೇಖರ್ ಹದ ತಪ್ಪದ ಬೌಲರ್ ಆಗಿರಲಿಲ್ಲ ಎಂಬುದನ್ನು ಮರೆಯಬಾರದು. ಬಿಷನ್ ಬೇಡಿ ಓವರಿಗೆ 2.14ರಂತೆ, ನಮ್ಮವರೇ ಆದ ಪ್ರಸನ್ನ 2.40ರಂತೆ ರನ್ ಕೊಟ್ಟರೆ ಚಂದ್ರ 2.70ರಂತೆ ಕೊಟ್ಟರು. ಆ ಕಾಲದ ಆಟಕ್ಕೆ ಇದು ದುಬಾರಿಯೇ. ಆದರೆ ಒಂದು ವಿಕೆಟ್‌ಗೆ ಬೇಡಿಗೆ 80, ಪ್ರಸನ್ನರಿಗೆ 76 ಎಸೆತ ಬೇಕಾಗುತ್ತಿದ್ದಾಗ ಚಂದ್ರರಿಗೆ ಬೇಕಾದದ್ದು 66. ಅವರ 242 ಟೆಸ್ಟ್ ವಿಕೆಟ್‌ಗಳಲ್ಲಿ 98 ಬಂದದ್ದು ಭಾರತ ಗೆದ್ದ 14 ಪಂದ್ಯಗಳಲ್ಲಿ, ಅದೂ 20ಕ್ಕಿಂತ ಕಡಿಮೆ ಸರಾಸರಿಯಲ್ಲಿ. ಅಂದರೆ ಆಡಿದ 58 ಟೆಸ್ಟ್‌ಗಳ ಕಾಲುಭಾಗದಷ್ಟು ಪಂದ್ಯಗಳಲ್ಲಿ ಅವರ ವಿಕೆಟ್‌ಗಳ ಐದರಲ್ಲಿ ಎರಡು ಪಾಲು ಕೂಡಿದೆ. ಸರಾಸರಿ ಎಂಬ ಒಂದೇ ಅಂಕಿ ಇದನ್ನು ಮುಚ್ಚಿಡುತ್ತದೆ. ಬೇಡಿಯದ್ದು 28.71, ಚಂದ್ರರದ್ದು 29.74. ಕಾಗದದ ಮೇಲೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಮೈದಾನದಲ್ಲಿ ಒಬ್ಬರು ದಿನವಿಡೀ ಒಂದು ತುದಿಯನ್ನು ಹಿಡಿದಿಡುವವರು, ಇನ್ನೊಬ್ಬರು ಒಂದು ಗಂಟೆಯಲ್ಲಿ ಪಂದ್ಯವನ್ನು ಮಗುಚುವವರು. ಬೇಡಿ, ಪ್ರಸನ್ನ, ವೆಂಕಟರಾಘವನ್ ಜೊತೆಗಿದ್ದದ್ದರಿಂದಲೇ ಚಂದ್ರರ ಕೆಟ್ಟ ಗಂಟೆಗಳನ್ನು ತಂಡ ತಾಳಿಕೊಂಡಿತು. ಚಂದ್ರ ಇದ್ದದ್ದರಿಂದ ಆ ಮೂವರ ತಾಳ್ಮೆಗೆ ಗೆಲುವಿನ ಫಲ ಸಿಕ್ಕಿತು. ನಾಲ್ವರೂ ಬೇಡಿಯಂತೆಯೇ ಇದ್ದಿದ್ದರೆ ಭಾರತ ಸೋಲುವುದು ಕಡಿಮೆಯಾಗುತ್ತಿತ್ತೇನೋ. 1971ರ ಓವಲ್ ಗೆಲುವು ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ನಮ್ಮ ಜಿಲ್ಲೆಯ ಒಕ್ಕಲುತನಕ್ಕೆ ಈ ತರ್ಕ ಹೊಸದಲ್ಲ. ಜತ್ತದ ಕಡೆಯಿಂದ ಇಳಿದು ವಿಜಯಪುರ, ಬಸವನಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳದ ಸೀಮೆ ಹಾದು ಕೃಷ್ಣೆಯನ್ನು ಸೇರುವ ಡೋಣಿ ಒಂದು ವರ್ಷ ಉಕ್ಕಿ ಬೆಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ, ಇನ್ನೊಂದು ವರ್ಷ ನೀರಿಲ್ಲದೆ ಒಣಗುತ್ತದೆ, ಇರುವ ನೀರೂ ಉಪ್ಪು. ಆದರೂ ‘ಡೋಣಿ ಬೆಳೆದರೆ ಓಣೆಲ್ಲಾ ಕಾಳು’ ಎಂಬ ಮಾತು ಹುಟ್ಟಿದ್ದು ಆ ದಂಡೆಯ ಎರೆಯ ಫಲವತ್ತನ್ನು ಕಂಡವರ ಬಾಯಲ್ಲಿ. ಆ ಎರೆಹೊಲ ಇದ್ದವರು ಅದನ್ನು ಬೀಳು ಬಿಡಲಿಲ್ಲ. ಹಾಗೆಂದು ಮನೆತನದ ವರ್ಷದ ಅನ್ನವನ್ನೆಲ್ಲ ಆ ಒಂದೇ ಹೊಲದ ಮೇಲೆ ಇಡಲೂ ಇಲ್ಲ. ಮಡ್ಡಿಯ ಹೊಲದಲ್ಲಿ ಬರುವಷ್ಟು ಬರಲಿ ಎಂದು ಅಲ್ಲೂ ಬಿತ್ತಿದರು. ಏರುಪೇರಿನ ಬೌಲರನ್ನು ಇಟ್ಟುಕೊಳ್ಳುವ ರೀತಿಯೂ ಇದೇ. ಆತನನ್ನು ಆಡಿಸಲು ತೀರ್ಮಾನಿಸುವಾಗ ಸುತ್ತ ಯಾರಿದ್ದಾರೆ ಎಂಬುದನ್ನೂ ಅದೇ ಉಸಿರಿನಲ್ಲಿ ತೀರ್ಮಾನಿಸಬೇಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಒಂದು ತುದಿಯಲ್ಲಿ ರನ್ ಸೋರಿದರೆ ಇನ್ನೊಂದು ತುದಿಯ ಬೌಲರ್ ಕಟ್ಟಿದ ಒತ್ತಡವೂ ಕರಗುತ್ತದೆ. ಆದ್ದರಿಂದ ಆತನ ಬೆಲೆಯನ್ನು ಅವನ ವಿಕೆಟ್‌ಗಳಿಂದಷ್ಟೇ ಅಳೆಯುವುದು ತಪ್ಪು ಎಂಬುದು ಆ ಆಕ್ಷೇಪ. ಲೀಡ್ಸ್‌ನ ಮೊದಲ ಇನಿಂಗ್ಸ್ ಇದಕ್ಕೆ ಉದಾಹರಣೆ. ಬೂಮ್ರಾ 83ಕ್ಕೆ 5 ವಿಕೆಟ್ ಪಡೆದರೂ ಇಂಗ್ಲೆಂಡ್ 465 ಗಳಿಸಿತು. ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅದು ಬೆರಳು ತೋರುವುದು ಪ್ರಸಿದ್ಧ್ ಅವರಿಗಿಂತ ಹೆಚ್ಚಾಗಿ ಅಂದಿನ ತಂಡದ ಜೋಡಣೆಯ ಕಡೆಗೆ. ನಾಲ್ಕನೇ ವೇಗಿಯಾಗಿ ಆಡಿಸಿದ ಶಾರ್ದೂಲ್ ಠಾಕೂರ್ ಆ ಇನಿಂಗ್ಸ್‌ನಲ್ಲಿ ಮಾಡಿದ್ದು ಆರೇ ಓವರ್. ಹೀಗಾಗಿ ಚಿಕ್ಕ ಸ್ಪೆಲ್‌ಗಳಲ್ಲಿ ಪುಟಿತದಿಂದ ವಿಕೆಟ್ ಕೀಳಬೇಕಾದ ಎತ್ತರದ ಬೌಲರ್‌ಗೆ 20 ಓವರ್ ದುಡಿದು ರನ್ ತಡೆಯುವ ಕೆಲಸ ಬಿತ್ತು. ಅದು ಅವರ ಕೆಲಸವೇ ಅಲ್ಲ. ಮೂವರೇ ಮುಖ್ಯ ವೇಗಿಗಳಿದ್ದು, ಮೂವರೂ ದಿನಕ್ಕೆ ಇಪ್ಪತ್ತು ಓವರ್ ಎಸೆಯಬೇಕಾದ ತಂಡದಲ್ಲಿ ಪ್ರಸಿದ್ಧ್ ಇರಬಾರದು ಎಂದರೆ ನಾನೂ ಕೈ ಎತ್ತುತ್ತೇನೆ. ಐವರು ಬೌಲರುಗಳಿದ್ದು, ಪಿಚ್‌ನಲ್ಲಿ ಪುಟಿತವಿದ್ದು, ನಾಯಕ ಅವರನ್ನು ನಾಲ್ಕೈದು ಓವರಿನ ಸ್ಪೆಲ್‌ಗಳಲ್ಲಿ ಬಳಸುವುದಾದರೆ ಮಾತು ಬೇರೆ.

ಇಟ್ಟುಕೊಳ್ಳುವುದು, ಆಡಿಸುವುದು, ಎಲ್ಲ ಕಡೆಯೂ ಆಡಿಸುವುದು ಮೂರೂ ಬೇರೆ ಬೇರೆ ನಿರ್ಣಯಗಳು. ನಮ್ಮ ಚರ್ಚೆಗಳಲ್ಲಿ ಇವು ಸದಾ ಕಲಸಿಹೋಗುತ್ತವೆ. ಇವುಗಳ ನಡುವಿನ ವ್ಯತ್ಯಾಸಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 2017ರ ಮಹಿಳಾ ವಿಶ್ವಕಪ್‌ನಲ್ಲಿ ತೋರಿಸಿಕೊಟ್ಟರು. ಅವರನ್ನು ಕೂರಿಸಿದ್ದಕ್ಕೆ ಏರುಪೇರು ಕಾರಣವಾಗಿರಲಿಲ್ಲ. ಎಡಗೈ ಸ್ಪಿನ್ನರ್‌ಗಿದ್ದ ಒಂದು ಜಾಗದಲ್ಲಿ ಏಕ್ತಾ ಬಿಷ್ಟ್ ಆಡುತ್ತಿದ್ದರು, ಪಾಕಿಸ್ತಾನದ ಎದುರು 5 ವಿಕೆಟ್ಟನ್ನೂ ಪಡೆದಿದ್ದರು. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು ಗೆಲ್ಲಲೇಬೇಕಾದ ಪಂದ್ಯ. ಟೂರ್ನಿಯಲ್ಲಿ ಮೊದಲ ಬಾರಿಗೆ ಕಣಕ್ಕಿಳಿದ ರಾಜೇಶ್ವರಿ 7.3 ಓವರುಗಳಲ್ಲಿ 15 ರನ್‌ಗೆ 5 ವಿಕೆಟ್ ಕಿತ್ತರು. ಎದುರಾಳಿ 79ಕ್ಕೆ ಆಲೌಟ್, ಭಾರತ ಸೆಮಿಫೈನಲ್‌ಗೆ. ಲಾರ್ಡ್ಸ್‌ನ ಫೈನಲ್‌ನಲ್ಲಿ ಅವರೇ 10 ಓವರಿಗೆ 49 ರನ್ ಕೊಟ್ಟು ಒಂದೇ ವಿಕೆಟ್ ಪಡೆದರು. ಒಂದು ವಾರದ ಅಂತರದಲ್ಲಿ, ಒಬ್ಬರೇ ಬೌಲರ್‌ಗೆ. ಬೌಲಿಂಗ್ ಎಂಬ ಕೆಲಸದ ಸ್ವಭಾವದಲ್ಲೇ ಇಂಥ ಏರಿಳಿತ ಇದೆ. ಅಂದು ಅವರು ಹದಿನೈದರ ಬಳಗದಲ್ಲೇ ಇಲ್ಲದಿದ್ದರೆ ಡರ್ಬಿಯ ಆ ಪಂದ್ಯಕ್ಕೆ ಕರೆಯಲು ಯಾರಿದ್ದರು?

ಈ ಏರಿಳಿತದಲ್ಲಿ ಬೌಲರ್‌ನದು ಎಷ್ಟು, ಅದೃಷ್ಟದ್ದು ಎಷ್ಟು ಎಂಬುದು ಮುಂದಿನ ವಿಚಾರ. ಓವಲ್ ಟೆಸ್ಟ್‌ನ ನಾಲ್ಕನೇ ದಿನ ಇಂಗ್ಲೆಂಡ್‌ನ ಹ್ಯಾರಿ ಬ್ರೂಕ್ 19 ರನ್ ಗಳಿಸಿದ್ದಾಗ ಪ್ರಸಿದ್ಧ್ ಅವರ ಎಸೆತವನ್ನು ಎತ್ತಿ ಹೊಡೆದರು. ಗೆರೆಯ ಬಳಿ ಮೊಹಮ್ಮದ್ ಸಿರಾಜ್ ಕ್ಯಾಚ್ ಹಿಡಿದರು, ಆದರೆ ಅವರ ಕಾಲು ಗಡಿಯ ದಿಂಬಿಗೆ ತಾಗಿತು. ವಿಕೆಟ್ ಆಗಬೇಕಾದದ್ದು ಸಿಕ್ಸರ್ ಆಯಿತು, ಬ್ರೂಕ್ 111ರವರೆಗೆ ಹೋದರು. ಎಸೆತ ಅದೇ, ಹೊಡೆತ ಅದೇ. ಸಿರಾಜ್ ಒಂದು ಹೆಜ್ಜೆ ಹಿಂದೆ ಇಡದಿದ್ದರೆ ಪ್ರಸಿದ್ಧ್ ಲೆಕ್ಕ ಆ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಆಗುತ್ತಿತ್ತು. ಅಮೆರಿಕದ ಬೇಸ್‌ಬಾಲ್ ಈ ವಿಷಯವನ್ನು ನಮಗಿಂತ ಹೆಚ್ಚು ಕೆದಕಿ ನೋಡಿದೆ. ಅಲ್ಲಿ ತಂಡವೊಂದು ಋತುವಿಗೆ 162 ಪಂದ್ಯ ಆಡುತ್ತದೆ. ಪಂದ್ಯ ಆರಂಭಿಸುವ ಪಿಚರ್‌ಗಳು ಸಾಮಾನ್ಯವಾಗಿ ಐವರು, ಸರದಿಯಂತೆ ಇಳಿಯುತ್ತಾರೆ. ಒಬ್ಬೊಬ್ಬರಿಗೆ ವರ್ಷಕ್ಕೆ ಮೂವತ್ತರಷ್ಟು ಅವಕಾಶ. ವೋರೋಸ್ ಮೆಕ್‌ಕ್ರಾಕನ್ ಎಂಬ ಅಂಕಿಅಂಶಪ್ರಿಯರು 2001ರಲ್ಲಿ ಆ ದೊಡ್ಡ ರಾಶಿಯ ಮೇಲೆ ಕೂತು ಒಂದು ವಾದ ಮಂಡಿಸಿದರು. ಬ್ಯಾಟ್‌ಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಔಟ್ ಆಗುತ್ತದೋ ಇಲ್ಲವೋ ಎಂಬುದು ಪಿಚರ್ ಕೈಯಲ್ಲಿ ಇರುವುದು ಬಹಳ ಕಡಿಮೆ, ಉಳಿದದ್ದು ಫೀಲ್ಡರುಗಳದು ಮತ್ತು ಅದೃಷ್ಟದ್ದು ಎಂದರು. ಆಗ ಬಹಳ ಜನ ನಂಬಲಿಲ್ಲ. ಮುಂದೆ ಆ ಆಟದ ತಂಡಗಳು ಪಿಚರುಗಳನ್ನು ಅಳೆಯುವ ಕ್ರಮವೇ ಬದಲಾಯಿತು. ವರ್ಷಕ್ಕೆ ಮೂವತ್ತು ಪಂದ್ಯ ಆಡುವವನ ಅಂಕಿಯಲ್ಲೇ ಇಷ್ಟು ಅದೃಷ್ಟ ಬೆರೆತಿದ್ದರೆ, ಮೂರು ಟೆಸ್ಟ್ ಆಡಿದವನ ಅಂಕಿಯಲ್ಲಿ ಎಷ್ಟು ಬೆರೆತಿರಬೇಡ? ಎರಡು ಟೆಸ್ಟ್ ನೋಡಿ ಕೈಬಿಡುವುದು ಅವಸರ. ಒಂದು ಓವಲ್ ನೋಡಿ ಪಟ್ಟ ಕಟ್ಟುವುದೂ ಅಷ್ಟೇ ಅವಸರ.

ಹಾಗಾದರೆ ನೋಡಬೇಕಾದದ್ದು ಏನನ್ನು? ಬೌಲರ್ ಕೈಯಲ್ಲೇ ಇರುವುದನ್ನು. ಚೆಂಡು ಬಿದ್ದ ಲೆಂಗ್ತ್, ಸೀಮ್ ನೆಟ್ಟಗೆ ನಿಂತಿದೆಯೇ, ಮೂರನೇ ಸ್ಪೆಲ್‌ನಲ್ಲೂ ವೇಗ ಉಳಿದಿದೆಯೇ ಎಂಬುದನ್ನು. ಪ್ರಸಿದ್ಧ್ ತೊಂದರೆ ಮರೆಮಾಚಿದ್ದೇನಲ್ಲ. ಹದ ಸಿಗದಾಗ ಅವರ ಚೆಂಡು ಶಾರ್ಟ್ ಬೀಳುತ್ತದೆ, ಬ್ಯಾಟರ್‌ಗೆ ಪುಲ್ ಮಾಡಲು ಹೊತ್ತು ಸಿಗುತ್ತದೆ. ಮುಂದೆ ಹಾಕಿದಾಗ ಅದೇ ಎತ್ತರ, ಅದೇ ಪುಟಿತ ಬ್ಯಾಟಿನ ಅಂಚನ್ನು ಹುಡುಕುತ್ತದೆ. 2021ರ ಮಾರ್ಚ್ 23ರಂದು ಪುಣೆಯಲ್ಲಿ ಇಂಗ್ಲೆಂಡ್ ಎದುರು ಆಡಿದ ಮೊದಲ ಏಕದಿನ ಪಂದ್ಯದಲ್ಲೇ ಇದೆಲ್ಲ ಕಂಡಿತ್ತು. ಮೊದಲ ಮೂರು ಓವರಿಗೆ 37 ರನ್ ಹೋದವು, ಮರಳಿ ಬಂದು ಮಾಡಿದ 5.1 ಓವರುಗಳಲ್ಲಿ 17 ರನ್‌ಗೆ 4 ವಿಕೆಟ್ ಬಂದವು. ಏಕದಿನ ಪದಾರ್ಪಣೆಯಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಗಳಿಕೆ ಅದಾಯಿತು. 2025ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ರಾಯಪುರದಲ್ಲಿ 85 ರನ್ ಕೊಟ್ಟು ಎರಡೇ ವಿಕೆಟ್, ಕೆಲವೇ ದಿನಗಳ ನಂತರ ವಿಶಾಖಪಟ್ಟಣದಲ್ಲಿ 66ಕ್ಕೆ 4. ಒಂದೇ ದಿನದಲ್ಲಿ, ಒಂದೇ ವಾರದಲ್ಲಿ ತಿದ್ದಿಕೊಳ್ಳಬಲ್ಲವನಿಗೆ ಕೌಶಲದ ಕೊರತೆ ಇದೆ ಎನ್ನಲಾಗದು. ಕೊರತೆ ಇರುವುದು ರೂಢಿಯದ್ದು. ಅದಕ್ಕೆ ಕಾರಣವೂ ಕಣ್ಣಿಗೆ ಕಾಣುತ್ತದೆ. 2015ರಲ್ಲಿ ಮೈಸೂರಿನಲ್ಲಿ ಬಾಂಗ್ಲಾದೇಶ ಎ ತಂಡದ ಎದುರು ಮೊದಲ ದರ್ಜೆಯ ಕ್ರಿಕೆಟ್‌ಗೆ ಬಂದು ಐದು ವಿಕೆಟ್ ಕಿತ್ತವರು, 2023ರ ಡಿಸೆಂಬರ್‌ನಲ್ಲಿ ಟೆಸ್ಟ್‌ಗೆ ಕಾಲಿಡುವ ಹೊತ್ತಿಗೆ ಆಡಿದ್ದದ್ದು ಸುಮಾರು ಒಂದು ಡಜನ್ ಅಂಥ ಪಂದ್ಯ. ನಡುವೆ ಬೆನ್ನುಮೂಳೆಯ ಬಿರುಕು ಒಂದು ವರ್ಷ ತಿಂದಿತು, 2024ರಲ್ಲಿ ತೊಡೆಯ ಸ್ನಾಯುವಿನ ಶಸ್ತ್ರಚಿಕಿತ್ಸೆ ಇನ್ನಷ್ಟು ತಿಂಗಳು ತಿಂದಿತು. ಕೆಂಪು ಚೆಂಡಿನಲ್ಲಿ ದಿನಕ್ಕೆ ಹದಿನೆಂಟು ಓವರ್ ಎಸೆದು ಎಸೆದು ಬರುವ ಹದ ಅವರಿಗೆ ಸಿಗಲೇ ಇಲ್ಲ. ಐಪಿಎಲ್‌ನಲ್ಲಿ 2025ರಲ್ಲಿ 25 ವಿಕೆಟ್ ಪಡೆದು ಎಲ್ಲರಿಗಿಂತ ಮುಂದೆ ನಿಂತರು ನಿಜ. ನಾಲ್ಕು ಓವರಿನ ಆ ಕೆಲಸ ಕಲಿಸುವ ಪಾಠ ಬೇರೆ.

ಕೊರತೆ ಇಂಥದ್ದಾದರೆ ಕಾಯುವುದು ಲಾಭ ಎಂಬುದಕ್ಕೆ ಬೇಸ್‌ಬಾಲ್‌ನ ಸ್ಯಾಂಡಿ ಕೋಫ್ಯಾಕ್ಸ್ ಕಥೆ ಪ್ರಸಿದ್ಧ. 1955ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರಿದ ಅವರ ವೇಗ ಅಸಾಧಾರಣವಾಗಿತ್ತು, ಗುರಿ ಮಾತ್ರ ಇರಲಿಲ್ಲ. ಮೊದಲ ಆರು ವರ್ಷದಲ್ಲಿ 36 ಗೆಲುವು, 40 ಸೋಲು. ದೊಡ್ಡ ಮೊತ್ತ ಕೊಟ್ಟು ಸೇರಿಸಿಕೊಂಡ ಹುಡುಗರನ್ನು ಎರಡು ವರ್ಷ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕೆಂಬ ಅಂದಿನ ನಿಯಮದಿಂದಾಗಿ ಕೆಳಗಿನ ದರ್ಜೆಯಲ್ಲಿ ಪಳಗುವ ಅವಕಾಶವೂ ಅವರಿಗೆ ತಪ್ಪಿತ್ತು. 1961ರಲ್ಲಿ ಋತುವಿಗೆ ಮುಂಚಿನ ಅಭ್ಯಾಸದ ವೇಳೆ ಕ್ಯಾಚರ್ ನಾರ್ಮ್ ಶೆರಿ ಅವರಿಗೆ, ಪೂರ್ತಿ ಬಲ ಹಾಕಿ ಎಸೆಯಬೇಡ, ಸ್ವಲ್ಪ ಬಿಗಿ ಸಡಿಲಿಸು ಎಂದು ಸಲಹೆ ಕೊಟ್ಟರು. ಆ ವರ್ಷ 18 ಗೆಲುವು ಬಂತು. 1962ರಿಂದ 1966ರವರೆಗೆ ಸತತ ಐದು ವರ್ಷ ತಮ್ಮ ಲೀಗ್‌ನಲ್ಲಿ ಅತಿ ಕಡಿಮೆ ರನ್ ಸರಾಸರಿಯ ಪಿಚರ್ ಅವರೇ.

ಕೋಫ್ಯಾಕ್ಸ್ ಒಬ್ಬರ ಹೆಸರು ಹೇಳುವಾಗ, ಕಾದೂ ಕಾದೂ ಏನೂ ಆಗದೆ ಹೋದ ನೂರಾರು ಎಸೆತಗಾರರನ್ನು ಮರೆಯುತ್ತೀರಿ ಎಂದು ಯಾರಾದರೂ ಹೇಳಿದರೆ ಅವರ ಮಾತಿನಲ್ಲಿ ಸತ್ಯವಿದೆ. ಕಾಯುವುದಕ್ಕೂ ಬೆಲೆ ಇದೆ, ಆ ಬೆಲೆಯನ್ನು ಸಾಮಾನ್ಯವಾಗಿ ಹೊರಗೆ ಕಾಯುತ್ತಿರುವ ಇನ್ನೊಬ್ಬ ಹುಡುಗ ತೆರುತ್ತಾನೆ. ನಮ್ಮದೇ ರಾಜ್ಯದ ವಿದ್ವತ್ ಕಾವೇರಪ್ಪ, ವೈಶಾಖ್ ವಿಜಯಕುಮಾರ್ ಅಂಥವರೂ ಬಾಗಿಲಲ್ಲಿ ನಿಂತವರೇ. ಈ ಆಕ್ಷೇಪಕ್ಕೆ ನನ್ನ ಉತ್ತರ ಎರಡು ಭಾಗದ್ದು. ಮೊದಲನೆಯದು, ಹೊಸಬನನ್ನು ಹೋಲಿಸುವಾಗ ನಾವು ಅವನ ಒಳ್ಳೆಯ ದಿನವನ್ನು ಊಹಿಸಿಕೊಂಡು ಹಳಬನ ಕೆಟ್ಟ ದಿನದ ಪಕ್ಕ ಇಡುತ್ತೇವೆ. ಪ್ರಸಿದ್ಧ್ ಹೊರಗಿದ್ದಾಗ ಮ್ಯಾಂಚೆಸ್ಟರ್‌ನಲ್ಲಿ ಪದಾರ್ಪಣೆ ಮಾಡಿದ ಅಂಶುಲ್ ಕಂಬೋಜ್ 18 ಓವರಿಗೆ 89 ರನ್ ಕೊಟ್ಟು ಒಂದು ವಿಕೆಟ್ ಪಡೆದರು, ಇಂಗ್ಲೆಂಡ್ 669 ಗಳಿಸಿತು. ಒಂದೇ ಪಂದ್ಯದಿಂದ ಕಂಬೋಜ್ ಅವರನ್ನು ಅಳೆಯುವುದೂ ಅನ್ಯಾಯವೇ. ಆದರೆ ಬದಲಿ ಬಂದವನು ತಾನಾಗಿಯೇ ಉತ್ತಮನಾಗುವುದಿಲ್ಲ ಎಂಬುದು ಅಲ್ಲಿ ಕಂಡಿತು. ಇನ್ನು ಹದ ತಪ್ಪದ ಬೌಲರ್‌ಗಳಿಗೆ ನಾವು ನ್ಯಾಯ ಕೊಟ್ಟಿದ್ದೇವೆಯೇ ಎಂದು ಕೇಳಿದರೆ ದಾವಣಗೆರೆಯ ವಿನಯ್ ಕುಮಾರ್ ನೆನಪಾಗುತ್ತಾರೆ. ಮೊದಲ ದರ್ಜೆಯಲ್ಲಿ ಐನೂರಕ್ಕೂ ಹೆಚ್ಚು ವಿಕೆಟ್, ನಾಯಕನಾಗಿ ಕರ್ನಾಟಕಕ್ಕೆ 2013-14, 2014-15ರಲ್ಲಿ ಸತತ ಎರಡು ರಣಜಿ ಟ್ರೋಫಿ. ಆಡಿದ್ದು ಒಂದೇ ಟೆಸ್ಟ್. 2012ರ ಪರ್ತ್‌ನಲ್ಲಿ ಡೇವಿಡ್ ವಾರ್ನರ್ 180 ಹೊಡೆದ ಪಂದ್ಯದಲ್ಲಿ 13 ಓವರಿಗೆ 73 ರನ್, ಒಂದು ವಿಕೆಟ್, ಅಲ್ಲಿಗೆ ಮುಗಿಯಿತು. ಒಂದು ಕೆಟ್ಟ ದಿನ ನೋಡಿ ಬಾಗಿಲು ಹಾಕುವ ರೂಢಿ ಏರುಪೇರಿನವರನ್ನಷ್ಟೇ ಅಲ್ಲ, ಸ್ಥಿರವಾದವರನ್ನೂ ನುಂಗುತ್ತದೆ.

ಉತ್ತರದ ಎರಡನೇ ಭಾಗ, ಕಾಯುವುದಕ್ಕೆ ಗಡಿ ಹಾಕಬೇಕು ಎಂಬುದು. ಪ್ರಸಿದ್ಧ್ ಪ್ರವಾಸಗಳ ನಡುವೆ ಕರ್ನಾಟಕಕ್ಕೆ ರಣಜಿ ಆಡಬೇಕು, ಅಲ್ಲಿ ದಿನಕ್ಕೆ ಮೂರು ಸ್ಪೆಲ್ ಎಸೆಯಬೇಕು. ಆಯ್ಕೆಗಾರರು ಅಲ್ಲಿ ಎಣಿಸಬೇಕಾದದ್ದು ವಿಕೆಟ್‌ಗಿಂತ ಮೊದಲು ಗುಡ್ ಲೆಂಗ್ತ್‌ನಲ್ಲಿ ಬಿದ್ದ ಎಸೆತಗಳನ್ನು. ಹೊರನಾಡಿನ ಪುಟಿಯುವ ಪಿಚ್‌ಗಳಲ್ಲಿ, ಐದು ಬೌಲರುಗಳ ತಂಡದಲ್ಲಿ ಅವರಿಗೆ ಇನ್ನೂ ಎರಡು ಸರಣಿ ಸಿಗಲಿ. ವಿಕೆಟ್ ಬಾರದೆ ರನ್ ಮಾತ್ರ ಹೋಗತೊಡಗಿದರೆ, ಅಂದರೆ ಆ 45 ಎಸೆತದ ಲೆಕ್ಕ 70, 80 ಆದರೆ, ಅವರನ್ನು ಇಟ್ಟುಕೊಳ್ಳಲು ನಾನು ಕೊಟ್ಟ ಕಾರಣಗಳೆಲ್ಲ ಬಿದ್ದುಹೋಗುತ್ತವೆ, ಆಗ ಬಿಡುವುದೇ ಸರಿ. ಕನ್ನಡಿಗ ಎಂಬ ಅಭಿಮಾನದಿಂದ ಈ ವಾದ ಹುಟ್ಟಿದೆ ಎನ್ನುವವರಿದ್ದರೆ ಅವರು ಹೆಸರು ಅಳಿಸಿ ಅಂಕಿಗಳನ್ನಷ್ಟೇ ನೋಡಲಿ. ಪಂಜಾಬಿನವನಾದರೂ ಬಂಗಾಳದವನಾದರೂ ಇದೇ ಕರಾರಿನ ಮೇಲೆ ಇಟ್ಟುಕೊಳ್ಳಬೇಕು.

ಇದು ಬೆಂಗಳೂರು, ಮುಂಬೈಗಳ ಆಯ್ಕೆ ಸಮಿತಿಗೆ ಮಾತ್ರ ಸಂಬಂಧಿಸಿದ ವಿಚಾರ ಅಲ್ಲ. ಇಂಡಿಯಲ್ಲೋ ಸಿಂದಗಿಯಲ್ಲೋ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಬೆಳೆದ ಹುಡುಗನೊಬ್ಬ ಲೆದರ್ ಬಾಲ್ ಹಿಡಿದು ಆಯ್ಕೆಗೆ ಹೋದಾಗ ಮೊದಲ ದಿನ ಏರುಪೇರಾಗುವುದು ಹೆಚ್ಚುಕಡಿಮೆ ಖಚಿತ. ಟೆನಿಸ್ ಚೆಂಡು ಹಗುರ, ಅದಕ್ಕೆ ಸೀಮ್ ಇಲ್ಲ. ಅದರಲ್ಲಿ ಕಲಿಯುವುದು ತೋಳಿನ ವೇಗವನ್ನು ಮತ್ತು ಯಾರ್ಕರನ್ನು. ಲೆದರ್ ಚೆಂಡು ಬೇಡುವುದು ಮಣಿಕಟ್ಟನ್ನು ಚೆಂಡಿನ ಹಿಂದೆ ನಿಲ್ಲಿಸುವುದನ್ನು, ಸ್ಟಂಪಿನಿಂದ ಆರೆಂಟು ಮೀಟರ್ ದೂರದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳಿಸುವುದನ್ನು. ಅಂಥವನು ನೆಟ್ಸ್‌ನಲ್ಲಿ ಎಸೆದ ಹತ್ತು ಹನ್ನೆರಡು ಎಸೆತಗಳಲ್ಲಿ ನಾಲ್ಕು ವೈಡ್ ಹೋದರೆ ಪಟ್ಟಿಯಿಂದ ಹೆಸರು ಹೊಡೆದು ಹಾಕುವುದು ಸುಲಭ. ದೊಡ್ಡ ಊರಿನ ಅಕಾಡೆಮಿಯ ಹುಡುಗನಿಗೆ ಮುಂದಿನ ತಿಂಗಳು ಇನ್ನೊಂದು ಆಯ್ಕೆ ಇರುತ್ತದೆ. ಬಸವನಬಾಗೇವಾಡಿಯ ಹಳ್ಳಿಯಿಂದ ಬಸ್ಸು ಹತ್ತಿ ಬಂದವನಿಗೆ ವರ್ಷಕ್ಕೆ ಅದೊಂದೇ ಇರಬಹುದು. ಶಾಲೆಯ ದೈಹಿಕ ಶಿಕ್ಷಕರಿಂದ ಹಿಡಿದು ಜಿಲ್ಲಾ ಮಟ್ಟದ ಆಯ್ಕೆಗಾರರವರೆಗೆ ಎಲ್ಲರೂ ಒಂದು ಕೆಲಸ ಮಾಡಬಹುದು, ಅದಕ್ಕೆ ಹಣ ಬೇಕಿಲ್ಲ. ಬೆಳಗ್ಗೆ ಒಂದು ಸ್ಪೆಲ್ ಎಸೆಯಲು ಬಿಟ್ಟು, ತಪ್ಪು ಏನೆಂದು ಹೇಳಿ, ಮಧ್ಯಾಹ್ನ ಇನ್ನೊಂದು ಸ್ಪೆಲ್ ಕೊಡುವುದು. ಬೆಳಗಿನದಕ್ಕಿಂತ ಮಧ್ಯಾಹ್ನ ಚೆಂಡು ಹೆಚ್ಚು ಬಾರಿ ಸರಿಯಾದ ಜಾಗಕ್ಕೆ ಬಿದ್ದಿದೆಯೇ ಎಂದು ಎಣಿಸಿ, ಹೆಸರು ಉಳಿಸುವುದೋ ಅಳಿಸುವುದೋ ಆ ಮೇಲೆ ತೀರ್ಮಾನಿಸುವುದು.